ಅಕ್ಕಡಿ ಸಾಲು

ಚಿಕ್ಕಬಳ್ಳಾಪುರವನ್ನು ದಾಟಿ ಬಸ್ಸು ಶಿಡ್ಲಘಟ್ಟದ ಕಡೆಗೆ ಹೊರಟಿತೆಂದರೆ ನಂದಿಬೆಟ್ಟ ಹಿಂದೆ ಸರಿಯುತ್ತದೆ. ಬೆಂಗಳೂರಿನ ಪ್ರವಾಸಿಗರು ಬೆಟ್ಟದಲ್ಲೇ ತಂಗಿಬಿಡುವುದರಿಂದ, ಇತ್ತಕಡೆ ನೋಡತಕ್ಕದ್ದು ಏನೂ ಇಲ್ಲವೆಂಬ ಭಾವನೆ ಬೆಳೆದಿದೆ. ನಾನು ಹೋದದ್ದೂ ನೋಟಕ್ಕಾಗಿ ಅಲ್ಲ. ನನ್ನ ತರಗತಿಯ ವಿದ್ಯಾರ್ಥಿಯೊಬ್ಬನು ಹಾಜರಾತಿಯ ಕೊರತೆಯಿಂದ ಪರೀಕ್ಷೆಗೆ ಕೂರಲಾರದ ಸ್ಥಿತಿಗೆ ಬಂದಿದ್ದನು. ಅವನ ತಂದೆಗೆ ನಾಲ್ಕು ಮಾತು ಹೇಳಿ ಬರಬೇಕೆಂಬ ಉಪಾಧ್ಯಾಯಸಹಜವಾದ ಉತ್ಸಾಹ ನನ್ನದು. ಅವನು ಗೈರುಹಾಜರಾದ ದಿನಗಳ ಪಟ್ಟಿ ಜೇಬಿನಲ್ಲಿತ್ತು.

ಪುಷ್ಯಮಾಸದ ಬೆಳಗು. ರಾಗಿ ಆಗಲೇ ಕಣ ಸೇರಿತ್ತು. ಕೊಯ್ದು ಬೋಳಾದ ಹೊಲಗಳಲ್ಲಿ ಅವರೆ, ತೊಗರಿಗಳ ಸಾಲುಗಳು ಮಾತ್ರ ಹಸಿರಾಗಿ ಉಳಿದಿದ್ದುವು. ಇವಕ್ಕೆ ಅಕ್ಕಡಿ ಸಾಲೆಂದು ಹೆಸರು. ರಾಗಿ ಕೈಕೊಟ್ಟರೂ ಇವುಗಳಲ್ಲಿ ಒಂದಾದರೂ ಮನೆಗೆ ಬರಲಿ ಎಂಬ ಲೆಕ್ಕ ಅದು. ವರ್ಷವೆಲ್ಲ ಹರಿಯುವ ನದಿಯಿಲ್ಲದೆ, ಸಾವಿರ ಅಡಿ ಕೊರೆದರೂ ನೀರಿನ ಭರವಸೆಯಿಲ್ಲದೆ ಬದುಕುವ ಸೀಮೆ ಇದು.

“ನಿಮ್ಮದು ಯಾವ ಬೆಳೆ?” ಎಂದು ಕೇಳಿದೆ.

ಹುಡುಗನ ತಂದೆ ನಕ್ಕರು. “ಯಾವುದು ಅಂತ ಹೇಳಲಿ ಮೇಷ್ಟ್ರೇ? ಊಟಕ್ಕೆ ರಾಗಿ, ಸಂತೆ ಖರ್ಚಿಗೆ ಹಾಲು, ಸಾಲ ತೀರ್ಸೋಕೆ ಹುಳ.”

ಮೂರು ಎಕರೆ ಜಮೀನು. ಅದರಲ್ಲಿ ಒಂದು ಎಕರೆ ಹಿಪ್ಪುನೇರಳೆ. ಹುಳು ತಿಂದು ಬಿಟ್ಟ ಸೊಪ್ಪು ಹಸುವಿಗೆ. ಹುಳುವಿನ ಹಿಕ್ಕೆ, ಹಸುವಿನ ಸಗಣಿ ತಿಪ್ಪೆಗೆ. ತಿಪ್ಪೆಯ ಗೊಬ್ಬರ ಮತ್ತೆ ಹಿಪ್ಪುನೇರಳೆಗೆ. ಅರ್ಥಶಾಸ್ತ್ರದ ಅಧ್ಯಾಪಕರಾದ ನನ್ನ ಮಿತ್ರರು ಇದನ್ನು ಕಂಡಿದ್ದರೆ ಒಂದು ಚಿತ್ರವನ್ನೇ ಬರೆದುಬಿಡುತ್ತಿದ್ದರು.

ಕಾಲು ತೊಳೆಸಿ ನನ್ನನ್ನು ಹುಳುಮನೆಯೊಳಗೆ ಬಿಟ್ಟರು. ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದಿದ್ದುವು. ಜ್ವರವೆಂದರೆ ರೋಗವಲ್ಲ, ಮೇವು ಬಿಟ್ಟು, ಅಲುಗದೆ ಮಲಗಿ, ಪೊರೆ ಕಳಚುವ ಕಾಲಕ್ಕೆ ರೈತರು ಇಟ್ಟ ಹೆಸರು. ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ಹುಳು ಈ ಕೊನೆಯ ಏಳೆಂಟು ದಿನಗಳಲ್ಲೇ ತಿಂದು ಮುಗಿಸುತ್ತದೆ. ಆ ಮೇಯುವ ಸದ್ದು ತರಗೆಲೆಯ ಮೇಲೆ ತುಂತುರುಮಳೆ ಬಿದ್ದಂತಿತ್ತು. ಹುಡುಗನು ಸೊಪ್ಪಿನ ಹೊರೆಯನ್ನು ಹೊತ್ತು ತಂದು ಹಾಕಿದನು. ಬೆವರು ಒರೆಸಿಕೊಳ್ಳುವಷ್ಟರಲ್ಲಿ ಕಡ್ಡಿಗಳು ಮಾತ್ರ ಉಳಿದಿದ್ದುವು.

ಅವನ ತಾಯಿ ಹಸುವಿನೊಡನೆ ತೆಲುಗಿನಲ್ಲಿಯೂ ನನ್ನೊಡನೆ ಕನ್ನಡದಲ್ಲಿಯೂ ಮಾತನಾಡಿದರು. ಬೆಳಗಿನ ಜಾವಕ್ಕೆ ಎದ್ದು ಎರಡು ಹಸುಗಳ ಹಾಲು ಕರೆದು ಡೈರಿಗೆ ಹಾಕಿ ಬಂದು, ಸೊಪ್ಪು ಕೊಯ್ದು, ಹುಳುವಿಗೆ ಹಾಕಿ, ಅಡುಗೆ ಮಾಡಿ, ಸಂಜೆ ಮತ್ತೆ ಹಾಲು. ಪುಸ್ತಕಗಳಲ್ಲಿ ನಾವು ಇವನ್ನು ಉಪಕಸುಬುಗಳೆಂದು ಬರೆಯುತ್ತೇವೆ. ಆಕೆಯ ದಿನದಲ್ಲಿ ಉಪವಾಗಿದ್ದುದು ನಿದ್ರೆಯೊಂದೇ. ಅಕ್ಕಡಿಯ ಅವರೆಗೆ ಬೇರೆ ಉಳುಮೆ ಬೇಡ. ಈ ಸಾಲುಗಳಿಗಾದರೋ ಒಂದೊಂದಕ್ಕೂ ಒಂದು ಜೊತೆ ಕೈ ಬೇಕು.

“ಇಷ್ಟೆಲ್ಲ ಏಕೆ? ಒಂದನ್ನೇ ಚೆನ್ನಾಗಿ ಮಾಡಬಾರದೆ?” ಎಂದೆ. ಪೇಟೆಯವನ ಪ್ರಶ್ನೆ.

ತಂದೆ 2011ರ ಮಾತೆತ್ತಿದರು. ಆ ವರ್ಷ ಕೇಂದ್ರದ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದರು. ಗೂಡಿನ ಬೆಲೆ ಕುಸಿಯಿತು. ಬೆಲೆ ಬರಲೆಂದು ಗೂಡನ್ನು ಕಟ್ಟಿಡುವಂತೆಯೂ ಇಲ್ಲ; ತಡಮಾಡಿದರೆ ಚಿಟ್ಟೆ ಗೂಡನ್ನು ತೂತುಮಾಡಿಕೊಂಡು ಹೊರಬರುತ್ತದೆ, ನೂಲು ಹಾಳು. 2013ರಲ್ಲಿ ಸುಂಕವನ್ನು 15ಕ್ಕೆ ಏರಿಸುವ ವೇಳೆಗೆ ಪಕ್ಕದ ಹೊಲದವರು ಹಿಪ್ಪುನೇರಳೆಯನ್ನು ಬೇರುಸಹಿತ ಕಿತ್ತಿದ್ದರು. “ನಾನೂ ಗುದ್ದಲಿ ಹಿಡಿದು ಹೋಗಿದ್ದೆ. ಇವಳು ತಡೆದಳು. ಹಾಲಿನ ದುಡ್ಡಲ್ಲೇ ಎರಡು ವರ್ಷ ತಳ್ಳಿದ್ವಿ. ಆಮೇಲೆ ಒಂದು ಹಸ ಸತ್ತಾಗ ಹುಳದ ದುಡ್ಡಲ್ಲಿ ಇನ್ನೊಂದು ತಂದ್ವಿ.” ಸ್ವಲ್ಪ ತಡೆದು ಮಗನತ್ತ ನೋಡಿದರು. “ಇವನೂ ಒಂದು ಅಕ್ಕಡಿ ಸಾಲೇ ಮೇಷ್ಟ್ರೇ. ತಿಂಗಳ ಸಂಬಳ ಬರೋದು ಒಂದಿರಲಿ ಅಂತ ಓದಿಸ್ತಿದ್ದೀವಿ.”

ಗೋಡೆಯ ಮೇಲೆ ಹಳೆಯದೂ ಹೊಸದೂ ಸೇರಿ ಎರಡು ಕ್ಯಾಲೆಂಡರುಗಳು ತೂಗುತ್ತಿದ್ದುವು. ಎರಡನೆಯ ಜ್ವರವೆದ್ದ ಮರಿಹುಳು, ಅಂದರೆ ಚಾಕಿ, ತಂದ ದಿನಗಳಿಗೆಲ್ಲ ತಾಯಿ ಕುಂಕುಮದ ಚುಕ್ಕೆ ಇಟ್ಟಿದ್ದರು. ನನ್ನ ಪಟ್ಟಿಯನ್ನು ತೆಗೆದು ನೋಡಿದೆ. ಪ್ರತಿಯೊಂದು ಚುಕ್ಕೆಯಿಂದ ಹತ್ತು ದಿನ ಎಣಿಸಿದರೆ ಅವನ ಗೈರುಹಾಜರಿ ಆರಂಭವಾಗುತ್ತಿತ್ತು. ಪಟ್ಟಿಯನ್ನು ಮಡಿಸಿ ಜೇಬಿಗೆ ಸೇರಿಸಿದೆ. ಹೇಳಬೇಕೆಂದು ಸಿದ್ಧಮಾಡಿಕೊಂಡು ಹೋಗಿದ್ದ ನಾಲ್ಕು ಮಾತುಗಳನ್ನು ಹೇಳಲಿಲ್ಲ.

ಹುಡುಗನು ಅವರೆಕಾಯಿಯ ಚೀಲವನ್ನು ಹೊತ್ತು ಬಸ್ಸಿನವರೆಗೆ ಬಂದನು. “ನಾಲ್ಕು ದಿನಕ್ಕೆ ಹುಳ ಹಣ್ಣಾಗುತ್ತೆ ಸಾರ್. ಚಂದ್ರಿಕೆಗೆ ಬಿಟ್ಟ ಮೇಲೆ ಬರ್ತೀನಿ.”

ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಹಣ್ಣಾಗಲು ನಾಲ್ಕು ದಿನ, ಗೂಡು ಕಟ್ಟಿ ಬಿಡಿಸಲು ಐದಾರು ದಿನ. ಗೂಡು ಶಿಡ್ಲಘಟ್ಟದ ಮಾರುಕಟ್ಟೆ ಸೇರುವುದು, ಪರೀಕ್ಷೆಯ ಶುಲ್ಕ ಕಟ್ಟುವ ಕೊನೆಯ ದಿನದ ಹಿಂದಿನ ದಿನ.