ಸೋಡಾ ಇಲ್ಲದ ಗುಳುಗುಳು

ಹೈಪರ್‌ಪಾಪ್ ಎಂದರೆ ಕಿವಿಗೆ ಕಾಟ ಎಂದು ನನ್ನ ಓರಗೆಯವರು ಮೂಗು ಮುರಿಯುವುದುಂಟು. ಇರಲಿ, ಬ್ರಿಟನ್ನಿನ ಸೋಫಿಯವರ ‘ಲೆಮನೇಡ್’ (2014) ಒಮ್ಮೆ ಕೇಳಿ ನೋಡಿ. ಸೋಡಾ ಉಕ್ಕುವ ಗುಳುಗುಳು ಸದ್ದು! ಆದರೆ ಅಲ್ಲಿ ಬಾಟಲಿಯೂ ಇಲ್ಲ, ನೀರೂ ಇಲ್ಲ. ಆ ಸದ್ದು ಸಿಂಥಸೈಜರಿನಲ್ಲಿ ಹುಟ್ಟಿಸಿದ ವಿದ್ಯುತ್ ಅಲೆ. ಗುಳ್ಳೆ ಚಿಕ್ಕದಾದಷ್ಟೂ ಅದರ ಸ್ವರ ಏರುತ್ತದೆ. ಅಲೆಯ ಆವರ್ತನವನ್ನು ಕ್ಷಣಾರ್ಧದಲ್ಲಿ ಏರಿಸಿದರೆ ಸಾಕು, ಕಿವಿ ಅದನ್ನು ಗುಳ್ಳೆಯೆಂದೇ ನಂಬುತ್ತದೆ.

ಹಾಗಾದರೆ ಇದು ಸುಳ್ಳು ಸದ್ದೇ? ಹಾರ್ಮೋನಿಯಂ ಕೂಡ ಯಂತ್ರವೇ ತಾನೆ! ಹುಟ್ಟಿನಿಂದ ಬಂದದ್ದು ಮಾತ್ರ ನಿಜ, ಕಟ್ಟಿಕೊಂಡದ್ದು ಸುಳ್ಳು ಎಂಬ ಮಾತನ್ನು ಟ್ರಾನ್ಸ್ ಹೆಣ್ಣಾದ ಸೋಫಿ ಬಹಳ ಕೇಳಿರಬೇಕು. 2017ರಲ್ಲಿ, ‘ಇಟ್ಸ್ ಓಕೆ ಟು ಕ್ರೈ’ ಹಾಡಿನಲ್ಲಿ, ಮೊದಲ ಬಾರಿಗೆ ತಮ್ಮದೇ ದನಿಯಲ್ಲಿ ಹಾಡಿ ಮುಖ ತೋರಿದರು. 2021ರ ಜನವರಿಯಲ್ಲಿ ಅಥೆನ್ಸಿನಲ್ಲಿ ಹುಣ್ಣಿಮೆ ಚಂದ್ರನನ್ನು ನೋಡಲು ಎತ್ತರಕ್ಕೆ ಹತ್ತಿದವರು ಜಾರಿ ಬಿದ್ದು ತೀರಿಕೊಂಡರು. ವಯಸ್ಸು 34.