ದಾಮರಗಿದ್ದ ಸೀಮೆಯ ಬೇಸಗೆ ಓದು

ನಾರಾಯಣಪೇಟೆಯಿಂದ ಉತ್ತರದ ದಾರಿ ಹಿಡಿದು ಹೊರಟವರಿಗೆ ದಾಮರಗಿದ್ದ ಬಹು ದೂರವೇನಲ್ಲ. ಇಲ್ಲಿ ಪಶ್ಚಿಮಕ್ಕೆ ಮುಖಮಾಡಿ ನಿಂತರೆ ಎದುರಿಗೆ ಗುರುಮಠಕಲ್ಲಿನ ಸೀಮೆ, ಅಂದರೆ ಕರ್ನಾಟಕ. ಉತ್ತರಕ್ಕೆ ಕೊಡಂಗಲ್ಲು. ತೊಗರಿ, ಜೋಳ, ಹತ್ತಿ ಬೆಳೆಯುವ ನೆಲ. ಎರಡು ರಾಜ್ಯಗಳ ನಡುವಿನ ಗಡಿಯೆಂದರೆ ಇಲ್ಲಿ ನದಿಯೂ ಅಲ್ಲ, ಬೆಟ್ಟವೂ ಅಲ್ಲ. ಬಹುಮಟ್ಟಿಗೆ ಹೊಲದ ಬದುವೇ ಗಡಿ. ಈಚೆಯ ತೊಗರಿಗೂ ಆಚೆಯ ತೊಗರಿಗೂ ಭೇದವನ್ನು ಬಲ್ಲವರಿಲ್ಲ. ಹೆಣ್ಣು ಕೊಟ್ಟು ತಂದ ಸಂಬಂಧಗಳಂತೂ ಬದುವನ್ನು ಎಂದೂ ಲೆಕ್ಕಕ್ಕೆ ಹಿಡಿದಿಲ್ಲ.

1956ರ ನವೆಂಬರ್ 1ರಂದು ಹೈದರಾಬಾದು ಸಂಸ್ಥಾನದ ಪ್ರಾಂತಗಳು ಭಾಷೆಯ ಆಧಾರದ ಮೇಲೆ ಹಂಚಿಹೋದವು. ಕಲಬುರ್ಗಿ, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆದರೆ ಕಲಬುರ್ಗಿಯ ಕೊಡಂಗಲ್, ತಾಂಡೂರು ತಾಲ್ಲೂಕುಗಳೂ ರಾಯಚೂರಿನ ಗದ್ವಾಲ, ಆಲಂಪುರ ತಾಲ್ಲೂಕುಗಳೂ ಆಂಧ್ರ ಪ್ರದೇಶದ ಪಾಲಾದವು. ಮಹಬೂಬನಗರ ಜಿಲ್ಲೆಯೊಡನೆ ನಮ್ಮ ಸೀಮೆಯೂ ಅತ್ತಲೇ ಉಳಿಯಿತು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. ಇಷ್ಟೆಲ್ಲ ಆದರೂ ಗಡಿಯಂಚಿನ ಮನೆಗಳಲ್ಲಿ ತೊಟ್ಟಿಲ ಮಾತು ಕನ್ನಡವಾಗಿಯೇ ಉಳಿದುಬಂದಿದೆ. ಸಂತೆಯಲ್ಲಿ ತೆಲುಗು, ಹಳಬರ ಬಾಯಲ್ಲಿ ಉರ್ದು, ಈಗ ಶಾಲೆಯಲ್ಲಿ ಇಂಗ್ಲಿಷು. ಒಂದೇ ಮಗು ದಿನಕ್ಕೆ ಮೂರು ನಾಲ್ಕು ಭಾಷೆಗಳಲ್ಲಿ ಉಸಿರಾಡುತ್ತದೆ. ಇದನ್ನು ಬಡತನವೆನ್ನಲಾಗದು, ಸಂಪತ್ತೆಂದೇ ಹೇಳಬೇಕು. ಆದರೆ ಸಂಪತ್ತಿನೊಳಗೆ ತಾಯ್ನುಡಿ ಕಳೆದುಹೋಗದಂತೆ ನೋಡಿಕೊಳ್ಳುವ ಹೊಣೆ ಮಾತ್ರ ನಮ್ಮದು.

ಹಾಗೆ ನೋಡಿಕೊಳ್ಳಲು ಇರುವ ಸುಲಭೋಪಾಯಗಳಲ್ಲಿ ಬೇಸಗೆ ರಜೆಯ ಓದು ಒಂದು ಎಂಬುದನ್ನು ಓದುಗರ ಮುಂದಿಡುವುದೇ ಈ ಬರಹದ ಉದ್ದೇಶ. ಆರು, ಏಳು, ಎಂಟನೆಯ ತರಗತಿಯ ಮಕ್ಕಳು ಒಂದು ಬೇಸಗೆಯಲ್ಲಿ ಒಂದೇ ಒಂದು ಕನ್ನಡ ಕಾದಂಬರಿಯನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಹೆಚ್ಚಿನದೇನೂ ಬೇಡ.

ಪಾಠಪುಸ್ತಕ ಸಾಲದೇ ಎಂದು ಕೇಳುವವರುಂಟು. ಪಾಠವೆಂಬುದು ನಾಲ್ಕು ಪುಟಕ್ಕೆ ಮುಗಿಯುತ್ತದೆ, ಅದರ ಬೆನ್ನಿಗೇ ಪ್ರಶ್ನೆಗಳು ನಿಂತಿರುತ್ತವೆ. ಮಗು ಪ್ರಶ್ನೆಗಾಗಿ ಓದುತ್ತದೆ. ಕಾದಂಬರಿಯಲ್ಲಾದರೋ ಮುಂದೇನಾಯಿತೆಂಬ ಕುತೂಹಲವೇ ಗುರು. ಇಪ್ಪತ್ತನೆಯ ಪುಟದಲ್ಲಿ ತಿಳಿಯದ ಪದ ನಲವತ್ತನೆಯ ಪುಟದಲ್ಲಿ ತಾನಾಗಿ ತಿಳಿಯುತ್ತದೆ. ಯಾರೂ ಅರ್ಥ ಹೇಳಬೇಕಾಗಿಲ್ಲ. ಹೀಗೆ ನೂರು ಪುಟ ದಾಟಿದ ಮಗುವಿಗೆ ಕನ್ನಡವು ಆಡುವ ಮಾತಷ್ಟೇ ಆಗಿ ಉಳಿಯದೆ ಓದುವ ನುಡಿಯೂ ಆಗುತ್ತದೆ. ಈ ವಯಸ್ಸಿನಲ್ಲಿ ಆ ಹೊಳೆ ದಾಟದವರು ಮುಂದೆ ದಾಟುವುದು ಅಪರೂಪ. 2022–23ರಿಂದ ತೆಲಂಗಾಣದ ಸರಕಾರಿ ಶಾಲೆಗಳಲ್ಲಿಯೂ ಇಂಗ್ಲಿಷ್ ಮಾಧ್ಯಮ ಬಂದ ಮೇಲೆ ಈ ಮಾತಿಗೆ ಇನ್ನಷ್ಟು ತೂಕ ಬಂದಿದೆ.

ಗಡಿಯ ಮಕ್ಕಳಿಗೆ ಬೇಸಗೆಯಲ್ಲಿ ವಿಶೇಷವಾದ ಒಂದು ಅನುಕೂಲವೂ ಇದೆ. ಕರ್ನಾಟಕದ ಶಾಲೆಗಳು ಮೇ ತಿಂಗಳ ಕೊನೆಗೋ ಜೂನ್ ಮೊದಲಿಗೋ ತೆರೆಯುತ್ತವೆ. ನಮ್ಮ ಕಡೆ ಸಾಮಾನ್ಯವಾಗಿ ಜೂನ್ 12ಕ್ಕೆ. ಆಚೆಯಿಂದ ಬಂದ ಸೋದರಮಾವನ ಮಕ್ಕಳು ಮರಳಿದ ಮೇಲೆ ಈಚೆಯ ಮಕ್ಕಳಿಗೆ ಸುಮಾರು ಎರಡು ವಾರ ಆಟಕ್ಕೆ ಜೊತೆ ಕಡಿಮೆ. ಮುಂಗಾರು ಬಂದಿರುವುದಿಲ್ಲ, ಬಿಸಿಲು ಇಳಿದಿರುವುದಿಲ್ಲ. ಬೇವಿನ ನೆರಳಿದೆ, ಹೊತ್ತಿದೆ. ಪುಸ್ತಕವೊಂದಿದ್ದರೆ ಸಾಕು.

ಕೊಡುವ ಪುಸ್ತಕ ಎಂಥದಿರಬೇಕು? ಮಗುವಿನ ಬದುಕಿಗೆ ಎಲ್ಲಿಯಾದರೂ ತಾಗುವಂಥದಿರಬೇಕು. ಶರಾವತಿಯ ಮುಳುಗಡೆಯನ್ನು ಕಣ್ಣಾರೆ ಕಂಡ ನಾ. ಡಿಸೋಜರು ಮಕ್ಕಳಿಗಾಗಿ ಬರೆದ ‘ಮುಳುಗಡೆಯ ಊರಿಗೆ ಬಂದವರು’ ಎಂಬ ಕಾದಂಬರಿಗೆ 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ದೊರೆಯಿತು. ಕೃಷ್ಣೆಗೆ ಜುರಾಲದಲ್ಲಿ ಕಟ್ಟೆ ಕಟ್ಟಿದಾಗ ಹಿನ್ನೀರಿಗೆ ಊರು ಬಿಟ್ಟವರ ನೆನಪು ಮಕ್ತಲ್, ಗದ್ವಾಲದ ಕಡೆ ಇನ್ನೂ ಹಸಿಯಾಗಿದೆ. ನೀರಿನಲ್ಲಿ ಮುಳುಗಿದ ಊರೆಂದರೇನೆಂದು ಅಲ್ಲಿನ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಇವೂ ಅದೇ ಪುರಸ್ಕಾರ ಪಡೆದ ಮಕ್ಕಳ ಕಾದಂಬರಿಗಳು. ಎಂಟನೆಯ ತರಗತಿಯ ಚುರುಕು ಮಕ್ಕಳು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನೂ ಕೈಬಿಡದೆ ಓದುತ್ತಾರೆ, ಹಾರುವ ಓತಿಯನ್ನು ಹುಡುಕಿಹೊರಟವರ ಹಿಂದೆ ತಾವೂ ನಡೆಯುತ್ತಾರೆ.

ಹೊರನಾಡುಗಳಿಂದ ಬಂದವೂ ಬೇಕು. ಜಪಾನಿನ ತೆತ್ಸುಕೊ ಕುರೊಯಾನಗಿ 1981ರಲ್ಲಿ ಪ್ರಕಟಿಸಿದ ‘ತೊತ್ತೊಚಾನ್’ ವಿ. ಗಾಯತ್ರಿಯವರ ಅನುವಾದದಲ್ಲಿ ಕನ್ನಡಕ್ಕೆ ಬಂದಿದೆ. ಆತ್ಮಕಥನವಾದರೂ ಕಾದಂಬರಿಯಂತೆಯೇ ಓದಿಸಿಕೊಳ್ಳುತ್ತದೆ. ಹಳೆಯ ರೈಲು ಡಬ್ಬಿಗಳೇ ತರಗತಿಗಳಾಗಿದ್ದ ಆ ಶಾಲೆಯನ್ನು ಸೈದಾಪುರದ ನಿಲ್ದಾಣದಲ್ಲಿ ರೈಲು ಕಂಡ ನಮ್ಮ ಮಕ್ಕಳು ಥಟ್ಟನೆ ಕಲ್ಪಿಸಿಕೊಳ್ಳುತ್ತಾರೆ.

ಇವೆಲ್ಲಕ್ಕಿಂತ ನಮ್ಮ ಸೀಮೆಗೆ ಹತ್ತಿರವಾದದ್ದು ಸ್ವಿಟ್ಜರ್ಲೆಂಡಿನ ಯೊಹಾನ್ನಾ ಸ್ಪೀರಿ 1880ರ ಸುಮಾರಿಗೆ ಬರೆದ ‘ಹೈದಿ’ಯ ಕಥೆ. ಬೆಟ್ಟದ ಹುಡುಗಿ ದೂರದ ಪಟ್ಟಣಕ್ಕೆ ಹೋಗುತ್ತಾಳೆ, ಊರಿನ ಹಂಬಲದಿಂದ ಸೊರಗುತ್ತಾಳೆ. ಆದರೆ ಅಲ್ಲಿಯೇ ಓದಲು ಕಲಿಯುತ್ತಾಳೆ. ಬೆಟ್ಟಕ್ಕೆ ಮರಳಿದ ಮೇಲೆ ಕಣ್ಣು ಕಾಣದ ಅಜ್ಜಿಗೆ ಹಳೆಯ ಹಾಡಿನ ಪುಸ್ತಕವನ್ನು ಓದಿ ಹೇಳುತ್ತಾಳೆ. ಪಾಲಮೂರಿನ ಕೂಲಿಯೆಂದು ಹೆಸರಾದ ನಮ್ಮ ಜನ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವುದು ಇಂದು ನಿನ್ನೆಯ ಮಾತಲ್ಲ. ತಂದೆತಾಯಿಗಳ ಬೆನ್ನಿಗೆ ಹೋಗುವ ಮಕ್ಕಳೂ ಹೈದಿಯರೇ. ಬುತ್ತಿಯ ಗಂಟಿನೊಡನೆ ಒಂದು ಕನ್ನಡ ಪುಸ್ತಕವೂ ಹೋದರೆ ಆ ಪರಊರಿನ ತಗಡಿನ ಸೂರಿನಡಿ ಊರೇ ಜೊತೆಗಿದ್ದಂತೆ.

ನಮ್ಮ ಶಾಲೆಯಲ್ಲಿ ನಡೆಸಿಕೊಂಡು ಬಂದಿರುವ ಕ್ರಮ ತೀರ ಸರಳವಾದದ್ದು. ಏಪ್ರಿಲ್ ಕೊನೆಯ ವಾರ ರಜೆ ಬಿಡುವ ಮುನ್ನ ತಗಡಿನ ಪೆಟ್ಟಿಗೆಯೊಂದರಲ್ಲಿನ ಪುಸ್ತಕಗಳನ್ನು ಹರವುತ್ತೇವೆ. ಯಾವ ಪುಸ್ತಕವೆಂಬುದನ್ನು ಮಗುವೇ ಆರಿಸಬೇಕು. ಹೆಸರು ಬರೆದುಕೊಳ್ಳುತ್ತೇವೆ. ಪರೀಕ್ಷೆಯಿಲ್ಲ, ಸಾರಾಂಶ ಬರೆಯುವ ಶಿಕ್ಷೆಯೂ ಇಲ್ಲ. ಎರಡೇ ಕಟ್ಟುಪಾಡು: ದಿನವೂ ಮನೆಯ ಹಿರಿಯರಲ್ಲಿ ಒಬ್ಬರಿಗೆ ಎರಡು ಪುಟ ಗಟ್ಟಿಯಾಗಿ ಓದಿ ಹೇಳಬೇಕು, ಶಾಲೆ ತೆರೆದ ಮೇಲೆ ಗೆಳೆಯರಿಗೆ ಕಥೆಯನ್ನು ಬಾಯಲ್ಲಿ ಹೇಳಬೇಕು.

ಗಟ್ಟಿ ಓದಿನ ಫಲ ನಾವೆಣಿಸಿದ್ದಕ್ಕಿಂತ ದೊಡ್ಡದು. ಏಳನೆಯ ತರಗತಿಯ ಹುಡುಗಿಯೊಬ್ಬಳು ಓದುತ್ತಿದ್ದುದನ್ನು ಕೇಳಿದ ಅವಳ ಅಜ್ಜಿ, “ಇದು ನಮ್ಮ ಮಾತೇ ಐತಲ್ಲ ತಂಗಿ, ಬುಕ್ಕಿನಾಗೂ ಇರತೈತೇನು?” ಎಂದಳಂತೆ. ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ತನ್ನ ಮಾತಿಗೆ ಅಕ್ಷರವುಂಟು, ಅಚ್ಚುಂಟು ಎಂಬುದು ಆ ಮುಪ್ಪಿನಲ್ಲಿ ಮೊಮ್ಮಗಳ ಬಾಯಿಂದ ತಿಳಿಯಿತು. ಮರುದಿನದಿಂದ ಓದಲು ಕರೆಯುತ್ತಿದ್ದವಳು ಅಜ್ಜಿಯೇ. ಪುಸ್ತಕ ಮುಗಿಯಲು ಹತ್ತು ಪುಟವಿರುವಾಗ ಆ ಕುಟುಂಬ ಪುಣೆಗೆ ಹೊರಟಿತು. ಪುಸ್ತಕವನ್ನು ಹಿಂದಕ್ಕೆ ಕೇಳಲು ನಮಗೆ ಮನಸ್ಸಾಗಲಿಲ್ಲ. ದಾಖಲೆಯಲ್ಲಿ ಅದರ ಮುಂದೆ ‘ಓದುತ್ತಿದ್ದಾಳೆ’ ಎಂದು ಬರೆದಿಟ್ಟಿದ್ದೇವೆ.

ಗಡಿಯ ಈಚೆ ಕನ್ನಡ ಪುಸ್ತಕದಂಗಡಿ ಹುಡುಕಿದರೆ ಸಿಗುವುದು ಕಷ್ಟ. ಆದುದರಿಂದ ಈ ಮಾಸಿಕದ ಕುಟುಂಬಗಳಲ್ಲಿ ಒಂದು ಬಿನ್ನಹ. ಮದುವೆಗೋ ಜಾತ್ರೆಗೋ ಕಲಬುರ್ಗಿ, ಯಾದಗಿರಿ, ರಾಯಚೂರುಗಳ ಕಡೆ ಹೋದಾಗ ಮಿಠಾಯಿಯ ಪೊಟ್ಟಣದ ಜೊತೆಗೆ ಮಕ್ಕಳ ಕಾದಂಬರಿಯೊಂದನ್ನು ಕೊಂಡುತನ್ನಿ. ನಿಮ್ಮ ಮಕ್ಕಳು ಓದಿದ ಮೇಲೆ ನೆರೆಮನೆಗೆ ದಾಟಿಸಿ. ಪುಸ್ತಕ ಹರಿದರೆ ಚಿಂತೆಯಿಲ್ಲ. ಹರಿದ ಪುಸ್ತಕವೇ ಓದಿಸಿಕೊಂಡ ಪುಸ್ತಕ. ಬರುವ ಏಪ್ರಿಲ್ಲಿಗೆ ಮುನ್ನವೇ ಈ ಸಿದ್ಧತೆಯಾಗಲಿ.