ಹೆಸರು ಕೇಳದ ಚೀಟಿ

ಅದು 2019ರ ಆಗಸ್ಟ್. ನಾಗರಪಂಚಮಿಯ ಹೊತ್ತಿಗೆ ಹಿಡಿದ ಮಳೆ ಬಿಡಲೇ ಇಲ್ಲ. ಕಾಳಿ ನದಿ ಸಮುದ್ರ ಸೇರುವ ಮೊದಲು ಸಿಗುವ ಕೊನೆಯ ಅಣೆಕಟ್ಟೆ ನಮ್ಮ ಕದ್ರಾದ್ದು. ಘಟ್ಟದ ನೀರು, ಮೇಲಿನ ಕೊಡಸಳ್ಳಿ ಅಣೆಕಟ್ಟೆಯ ನೀರು ಎಲ್ಲ ಬಂದು ನಿಲ್ಲುವುದು ಇಲ್ಲೇ. ತಡೆಯಲಾಗದಷ್ಟು ಬಂದರೆ ಗೇಟು ಎತ್ತದೆ ಗತಿಯಿಲ್ಲ. ಎತ್ತಿದರು. ಹೊಳೆ ದಂಡೆ ಮೀರಿ ತೋಟಕ್ಕೆ ಬಂತು, ಅಂಗಳಕ್ಕೆ ಬಂತು, ಒಲೆಯ ಮೇಲೂ ಹತ್ತಿತು. ಕೆಳಗಿನ ಊರುಗಳ ಜನ ಉಟ್ಟ ಬಟ್ಟೆಯಲ್ಲಿ ಎತ್ತರದ ಜಾಗ ಹುಡುಕಿಕೊಂಡು ಹೋದರು. ಶಾಲೆಗಳು ಗಂಜಿ ಕೇಂದ್ರಗಳಾದವು.

ಮೊದಮೊದಲು ಊಟಕ್ಕೆ ಏನೂ ತೊಡಕಿರಲಿಲ್ಲ. ಮಕ್ಕಳ ಬಿಸಿಯೂಟದ ಪಾತ್ರೆಯಲ್ಲೇ ಅನ್ನ ಬೆಂದಿತು, ಸಾರು ಕುದಿಯಿತು. ಗದ್ದೆಯಿದ್ದವರೂ ಕೂಲಿಯವರೂ ಒಂದೇ ಸಾಲಿನಲ್ಲಿ ಕೂತು ಉಂಡರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಕಷ್ಟ ಶುರುವಾದದ್ದು ನೀರಿಳಿದ ಮೇಲೆ. ಹೊರಗಿನಿಂದ ಅಕ್ಕಿ, ಬೇಳೆ, ಎಣ್ಣೆ ಹೊತ್ತ ಗಾಡಿಗಳು ಬಂದವು. ರಟ್ಟೆ ಗಟ್ಟಿ ಇದ್ದವರು ಮುಂದೆ ನುಗ್ಗಿದರು. ಹಂಚುವವರಲ್ಲಿ ಒಬ್ಬರು ರೇಷನ್ ಕಾರ್ಡ್ ತೋರಿಸಿ ಎಂದರು. ಕಾರ್ಡು ಎಲ್ಲಿಂದ ತರುವುದು? ಹೊಳೆ ಒಯ್ದಿತ್ತು. ಕಂಬಕ್ಕೆ ಒರಗಿ ನಿಂತಿದ್ದ ಅಜ್ಜಿಯನ್ನು ನಾನೇ ಕರೆದೆ. "ನಂಗೆ ಬೇಡ ತಮಾ, ಮನೇಲಿ ಉಂಟು" ಎಂದಳು. ಅವಳ ಅಕ್ಕಿ ಡಬ್ಬಿಯಲ್ಲಿ ಕೆಸರು ತುಂಬಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಹಸಿವು ತಡೆದುಕೊಳ್ಳುವ ಜೀವಕ್ಕೆ ನಾಲ್ಕು ಜನರ ಮುಂದೆ ಕೈಯೊಡ್ಡಲು ಆಗುವುದಿಲ್ಲ.

ಶಾಲೆಯ ಅಕ್ಕೋರು ಅದನ್ನು ಗಮನಿಸಿದ್ದರು. ರಾತ್ರಿ ಪಟ್ಟಿಯ ಹಾಳೆ ಹರಿದು ಚೀಟಿ ಮಾಡಿದರು. ಒಂದೊಂದರ ಮೇಲೆ ಒಂದು ಸಂಖ್ಯೆ, ಕೆಳಗೆ ತಮ್ಮ ಸಹಿ, ಅಷ್ಟೇ. ಕೋಣೆಯಿಂದ ಕೋಣೆಗೆ ಹೋಗಿ ಕುಟುಂಬಕ್ಕೊಂದರಂತೆ ಕೈಗಿಟ್ಟರು. ಬೆಳಿಗ್ಗೆ ಚೀಟಿ ಕೊಟ್ಟವರಿಗೆ ಚೀಲ. ಹೆಸರಿಲ್ಲ, ಜಾತಿಯಿಲ್ಲ, ಕಾರಣ ಹೇಳಬೇಕಾಗಿಲ್ಲ. ಅಜ್ಜಿಯೂ ಬಂದಳು. ಬೇಡಲು ಬಂದವಳ ಹಾಗಲ್ಲ, ತನ್ನದನ್ನು ತಗೊಂಡು ಹೋಗಲು ಬಂದವಳ ಹಾಗೆ ಸಾಲಿನಲ್ಲಿ ನಿಂತಳು.

ಈ ಕೆಲಸವನ್ನು ಊರಿಗೆ ಊರೇ ಮಾಡಿದ್ದೂ ಇದೆ. ಕೇರಳದ ಕೋಝಿಕ್ಕೋಡ್‌ನಲ್ಲಿ 2015ರಲ್ಲಿ ಜಿಲ್ಲಾಡಳಿತ ಮತ್ತು ಹೋಟೆಲಿನವರು ಕೂಡಿ 'ಆಪರೇಷನ್ ಸುಲೈಮಾನಿ' ಶುರು ಮಾಡಿದರು. ಹಸಿದವರು ಕೂಪನ್ ತಗೊಂಡು ಹೋಟೆಲಿಗೆ ಹೋಗಿ ಉಳಿದ ಗಿರಾಕಿಗಳ ಜೊತೆಗೇ ಕೂತು ಉಣ್ಣಬಹುದಿತ್ತು. ಹಣ ಬರುತ್ತಿದ್ದದ್ದು ಜನರಿಂದಲೇ. ನಮ್ಮಲ್ಲಿ 2017ರಲ್ಲಿ ಇಂದಿರಾ ಕ್ಯಾಂಟೀನ್ ಬಂತು, 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ದೊಡ್ಡ ಉಪಕಾರವೇ. ಆದರೆ ಆ 10 ರೂಪಾಯಿಯೂ ಇಲ್ಲದ ದಿನ ಬಡವರ ಮನೆಗೆ ಬರುತ್ತದೆ, ಕ್ಯಾಂಟೀನು ಇಲ್ಲದ ಹಳ್ಳಿಗಳೂ ಬೇಕಾದಷ್ಟಿವೆ.

2021ರ ಜುಲೈಯಲ್ಲಿ ಕಾಳಿ ಮತ್ತೆ ಉಕ್ಕಿತು. ಇನ್ನೂ ಉಕ್ಕುತ್ತದೆ. ಹಸಿವಂತೂ ನೆರೆಗೆ ಕಾಯುವುದಿಲ್ಲ. ಕಾರವಾರ, ಅಂಕೋಲೆಯ ಖಾನಾವಳಿಯವರಲ್ಲಿ ನನ್ನದೊಂದು ಕೋರಿಕೆ: ದಿನಕ್ಕೆ ನಾಲ್ಕು ಊಟದ ಚೀಟಿ ತೆಗೆದಿಡಿ. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂದು ಗೊತ್ತಿರುವ ಅಂಗನವಾಡಿಯವರ, ಆಶಾ ಕಾರ್ಯಕರ್ತೆಯರ ಕೈಗೆ ಕೊಡಿ. ಚೀಟಿ ಹಿಡಿದು ಬಂದವರನ್ನು ಕೂರಿಸಿ ಬಡಿಸಿ. ಹೆಸರು ಕೇಳಬೇಡಿ, ಫೋಟೊ ತೆಗೆಯಬೇಡಿ.